ಡೈರೆಕ್ಟರಮ್ಮನ ಮುಯ್ಯಿ

ಮೈಕು ಕೈಗೆ ಬಂದಮೇಲೆ ನಮ್ಮ ಅಲಿವೇಲಕ್ಕ ಸುಮ್ಮನೆ ನಿಂತುಬಿಟ್ಟಳು.

ಕಳೆದ ವಾರದ ಮಾತು. ಕೋಲಾರದಲ್ಲಿ ಮಹಿಳಾ ಉದ್ಯಮಿಗಳ ಸಮಾವೇಶ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಬೆಳಗಿನ ಬಸ್ಸು ಹಿಡಿದು ಬಂದ ಹೆಂಗಸರು ಹಾಲ್ ತುಂಬಾ. ವೇದಿಕೆಯ ಮೇಲೆ ದೊಡ್ಡ ಸಾಹೇಬರು, ಅವರ ಎರಡೂ ಪಕ್ಕದಲ್ಲಿ ಸ್ವಲ್ಪ ಸಣ್ಣ ಸಾಹೇಬರುಗಳು, ಎಲ್ಲರ ಮುಂದೆ ಒಂದೊಂದು ನೀರಿನ ಬಾಟಲಿ. ನಿರೂಪಣೆಯ ಹುಡುಗಿ ಇಂಪಾದ ದನಿಯಲ್ಲಿ ಹೇಳಿದಳು: "ಈಗ ಗೌನಿಪಲ್ಲಿ ಕಡೆಯ ಉಪ್ಪಿನಕಾಯಿ ಕಂಪನಿಯ ಡೈರೆಕ್ಟರ್ ಶ್ರೀಮತಿ ಅಲಿವೇಲಮ್ಮನವರು, ಕೊರೊನಾ ಸಂಕಷ್ಟದಲ್ಲಿ ಸರ್ಕಾರದ ನೆರವು ತಮ್ಮ ಕಂಪನಿಗೆ ಹೇಗೆ ಆಸರೆಯಾಯಿತು ಎಂಬುದರ ಬಗ್ಗೆ ಎರಡು ಮಾತು ಹೇಳುತ್ತಾರೆ."

ಜೋರು ಚಪ್ಪಾಳೆ.

ನಾನು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಯಾಕೆಂದರೆ ಆ ನೆರವಿನ ಕತೆ ನನಗೆ ಗೊತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಗೌರಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತು. ಆಕೆಯೂ ಅದೇ ಕಂಪನಿಯ ಡೈರೆಕ್ಟರ್.

ಅಕ್ಕ ಮೆಟ್ಟಿಲು ಹತ್ತುವ ಮುಂಚೆ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಮೇಡಂ ಬಂದು ಕಿವಿಯಲ್ಲಿ ಹೇಳಿ ಹೋಗಿದ್ದರು. "ಅಮ್ಮಾ, ಒಳ್ಳೇದಾಗಿ ನಾಲ್ಕು ಮಾತು ಹೇಳಿ. ನಿಮ್ಮ ಶೆಡ್ಡಿನ ಫೈಲು ಸಾಹೇಬರ ಟೇಬಲ್ ಮೇಲೇ ಇದೆ." ಕಂಪನಿಗೆ ಒಂದು ಒಳ್ಳೆಯ ಶೆಡ್ ಬೇಕು. ಈಗಿನದು ತಗಡಿನದು, ಮಳೆ ಬಂದರೆ ಮಾವಿನಕಾಯಿ ಹೋಳಿಗೂ ಸ್ನಾನ, ಡೈರೆಕ್ಟರುಗಳಿಗೂ ಸ್ನಾನ. ಅರ್ಜಿ ಹಾಕಿ ಕಾಯುತ್ತಾ ಕೂತಿದ್ದಾರೆ.

ಮೇಡಂ ಆ ಕಡೆ ಹೋದ ತಕ್ಷಣ ಅಕ್ಕ ನನ್ನ ಕಡೆ ಬಾಗಿ ಕೇಳಿದಳು: "ಏ ಸುಮಾ, ನಿಜ ಹೇಳ್ಲಾ, ಒಳ್ಳೇದ್ ಹೇಳ್ಲಾ?"

ಎರಡೂ ಒಂದೇ ಅಲ್ಲವಾ ಅನ್ನುತ್ತೀರಾ? ಹಾಗಾದರೆ ನೀವು ಸರ್ಕಾರಿ ಕಾರ್ಯಕ್ರಮಗಳಿಗೆ ಹೋದವರಲ್ಲ ಬಿಡಿ.

ನಾನು ಉತ್ತರ ಕೊಡುವಷ್ಟರಲ್ಲಿ ಅವಳು ಸೆರಗು ಸರಿಮಾಡಿಕೊಂಡು ವೇದಿಕೆ ಹತ್ತಿಯಾಗಿತ್ತು. ಈಗ ಮೈಕು ಹಿಡಿದು ಸುಮ್ಮನೆ ನಿಂತಿದ್ದಾಳೆ. ನೀವೂ ಸ್ವಲ್ಪ ಹೊತ್ತು ಅವಳನ್ನು ಅಲ್ಲೇ ನಿಲ್ಲಿಸಿರಿ. ಆ ಕತೆ ಹೇಳಿಬಿಡುತ್ತೇನೆ.

ಅಲಿವೇಲಕ್ಕ ನನ್ನ ವಾರಗಿತ್ತಿ. ನಮ್ಮ ಯಜಮಾನರ ಅಣ್ಣನ ಹೆಂಡತಿ. (ಏಕವಚನಕ್ಕೆ ಕ್ಷಮಿಸಿ. ಅಕ್ಕ ಅಂದಮೇಲೆ ಬಹುವಚನ ನಾಲಿಗೆಗೆ ಬರುವುದಿಲ್ಲ.) ವಾರಗಿತ್ತಿಯರು ಅಂದರೆ ಹಾವು ಮುಂಗುಸಿ ಎಂದು ನಂಬಿದವರಿಗೆ ನಿರಾಸೆ ಮಾಡುತ್ತಿದ್ದೇನೆ, ನನಗೆ ಅವಳೆಂದರೆ ಪ್ರಾಣ. ಗೌನಿಪಲ್ಲಿ ಹತ್ತಿರದ ಹಳ್ಳಿ. ಮನೆಯಲ್ಲಿ ಕನ್ನಡ, ಬೇಲಿಯಾಚೆ ತೆಲುಗು, ಸಿಟ್ಟು ಬಂದರೆ ಎರಡೂ. ಓದಿದ್ದು ಏಳನೇ ಕ್ಲಾಸು. ಮಾವಿನಕಾಯಿಯ ಆವಕಾಯಿ ಹಾಕಿದಳೆಂದರೆ ಬೀದಿ ಕೊನೆಯ ಮನೆಯವರೂ ಬಿಸಿ ಅನ್ನದ ತಟ್ಟೆ ಹಿಡಿದುಕೊಂಡು ಬರಬೇಕು.

ಕೊರೊನಾ ಬರುವುದಕ್ಕೆ ಮುಂಚಿನ ವರ್ಷ ಊರಿನ ಐದು ಜನ ಹೆಂಗಸರು ಮುಂದೆ ನಿಂತು, ಅಕ್ಕಪಕ್ಕದ ಇನ್ನೊಂದಿಷ್ಟು ಮನೆಗಳನ್ನು ಸೇರಿಸಿಕೊಂಡು ಕಂಪನಿ ಮಾಡಿದರು. ಸಂಘ ಅಲ್ಲ, ಗುಂಪು ಅಲ್ಲ, ಕಂಪನಿ. ರಿಜಿಸ್ಟರ್ ಆದ, ಸೀಲು ಇರುವ, ಹೆಸರಿನ ಕೊನೆಯಲ್ಲಿ ಲಿಮಿಟೆಡ್ ಅಂತ ಇರುವ ನಿಜವಾದ ಕಂಪನಿ. (ಹೆಸರು ಬರೆದರೆ ಜಾಹೀರಾತು ಆಗುತ್ತದೆ, ಸಂಪಾದಕರು ಗದರುತ್ತಾರೆ.) ರೈತರು ಸೇರಿ ಮಾಡುವ ಅಂಥ ಕಂಪನಿಗೆ ಡೈರೆಕ್ಟರುಗಳು ಐದಕ್ಕಿಂತ ಕಡಿಮೆ ಇರುವ ಹಾಗಿಲ್ಲ. ಹಾಗಾಗಿ ಐದೂ ಜನ ಡೈರೆಕ್ಟರು.

ಆ ಪದ ಬಂದ ದಿನ ನೋಡಬೇಕಿತ್ತು ನೀವು! ಅಕ್ಕ ನನಗೆ ಫೋನ್ ಮಾಡಿ "ನಾನು ಡೈರೆಕ್ಟರ್ ಮಾತಾಡ್ತಿರೋದು" ಅಂದಳು. ಭಾವ ಹಿಂದಿನಿಂದ, "ಲೇ ಡೈರೆಕ್ಟರ್, ಎಮ್ಮೆ ಹಗ್ಗ ಬಿಚ್ಕೊಂಡು ಹೋಗ್ತಾ ಐತೆ ನೋಡೇ" ಅನ್ನುತ್ತಿದ್ದುದು ನನಗೂ ಕೇಳಿಸಿತು. ಊರಿನ ಗಂಡಸರಿಗೆ ಅದೊಂದು ತಮಾಷೆ. ನಮ್ಮ ಕಡೆ ಡೈರೆಕ್ಟರ್ ಅಂದರೆ ಡೈರಿ ಎಲೆಕ್ಷನ್ನಿನಲ್ಲಿ ಗೆದ್ದು, ಬಿಳಿ ಅಂಗಿ ಹಾಕಿ, ಬೈಕಿನಲ್ಲಿ ಓಡಾಡುವ ಗಂಡಸು. ಉಪ್ಪು ಮೆಣಸಿನಪುಡಿ ಕಲಸಿ ಕೈ ಕೆಂಪು ಮಾಡಿಕೊಂಡ ಹೆಂಗಸು ಎಲ್ಲಿಯ ಡೈರೆಕ್ಟರ್?

ಆದರೆ ಕಂಪನಿ ಓಡಿತು. ಮಾಲೂರಿನ ಕಾರ್ಖಾನೆಗಳ ಕ್ಯಾಂಟೀನಿಗೆ ಹೋಯಿತು. ಮುಳಬಾಗಿಲಿನ ಹೈವೇ ಹೋಟೆಲುಗಳಿಗೆ ಹೋಯಿತು. ಆವನಿ ಕಡೆಯ ಮದುವೆ ಅಡುಗೆಯವರೊಬ್ಬರು ಒಮ್ಮೆ ರುಚಿ ನೋಡಿದ್ದೇ, ಇನ್ನು ಬೇರೆ ಉಪ್ಪಿನಕಾಯಿ ಎಲೆಗೆ ಹಾಕುವುದಿಲ್ಲ ಎಂದು ಶಪಥ ಮಾಡಿಬಿಟ್ಟರು.

ಈ ಕಂಪನಿಯ ಒಂದು ವಿಚಿತ್ರ ಹೇಳಬೇಕು. ಡೈರೆಕ್ಟರುಗಳಿಗೆ ಸಂಬಳ ಇಲ್ಲ. ಹಾಗಂತ ಪುಕ್ಕಟೆ ಕೆಲಸವೂ ಅಲ್ಲ. ಇವರದು ಮುಯ್ಯಾಳು ಲೆಕ್ಕ.

ಪೇಟೆಯ ಓದುಗರಿಗಾಗಿ ಒಂದು ಮಾತು. ಇವತ್ತು ನಿಮ್ಮ ಟೊಮೇಟೊ ತೋಟದ ಕಳೆ ಕೀಳಲು ನಾನು ಬರುತ್ತೇನೆ, ನಾಳೆ ನನ್ನ ರಾಗಿ ಕೊಯ್ಲಿಗೆ ನೀವು ಬರಬೇಕು. ದುಡ್ಡಿನ ಮಾತಿಲ್ಲ. ಇದು ಮುಯ್ಯಾಳು. ಮದುವೆ ಮನೆಯಲ್ಲಿ ಉಡುಗೊರೆಯಾಗಿ ಮಾಡುವ ಮುಯ್ಯಿಯೂ ಇದೇ ಜಾತಿಯದು. ಒಬ್ಬರಿಂದ ಪಡೆದದ್ದನ್ನು ಅವರ ಮನೆಯ ಸರದಿ ಬಂದಾಗ ತಿರುಗಿಸಬೇಕು. ಯಾರೂ ಬಂದು ಕೇಳುವುದಿಲ್ಲ. ತಿರುಗಿಸದಿದ್ದರೆ ಮಾತ್ರ ಊರು ಮರೆಯುವುದಿಲ್ಲ.

ಕಂಪನಿಯೂ ಹಾಗೆಯೇ. ಈ ವಾರ ಶೆಡ್ಡಿನಲ್ಲಿ ಅಕ್ಕ ದುಡಿದರೆ, ಅವಳ ಮನೆಯ ಹಿಪ್ಪುನೇರಳೆ ಸೊಪ್ಪು ಉಳಿದವರು ಕೊಯ್ದು ರೇಷ್ಮೆ ಹುಳಕ್ಕೆ ಹಾಕುತ್ತಾರೆ. ಮಾರಾಟದಲ್ಲಿ ಉಳಿದದ್ದನ್ನು ಯುಗಾದಿಗೆ ಎಲ್ಲ ಮನೆಗೂ ಹಂಚುತ್ತಾರೆ. ಕೋಲಾರದ ಆಡಿಟರ್ ಹತ್ತಿರ ಅಕ್ಕನನ್ನು ಕರೆದುಕೊಂಡು ಹೋಗಿದ್ದು ನಾನೇ. ಪಾಪ, ಒಳ್ಳೆಯ ಮನುಷ್ಯ.

"ಡೈರೆಕ್ಟರುಗಳ ಸಂಬಳ ಎಷ್ಟಮ್ಮ?"

"ಸಂಬಳ ಇಲ್ಲ ಸಾರ್. ನಾನು ಗೌರಮ್ಮನ ಮನೆ ಅವರೆಕಾಯಿ ಬಿಡಿಸ್ಕೊಡ್ತೀನಿ. ಅವಳು ನಮ್ಮ ಮನೆ ರಾಗಿ ಕೊಯ್ತಾಳೆ."

ಆಡಿಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನ ನಾನು ಯಾವ ಕಾಲಮ್ಮಲ್ಲಿ ಬರೀಲಿ ತಾಯಿ?"

ಸೊನ್ನೆ ಅಂತ ಬರೆದರು. ಆ ಸೊನ್ನೆ ಮುಂದೆ ಎಂಥ ಕೆಲಸ ಮಾಡುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಲಾಕ್‌ಡೌನ್ ಬಂತು.

ಮಾಲೂರಿನ ಕಾರ್ಖಾನೆ ಬಾಗಿಲು ಹಾಕಿತು, ಕ್ಯಾಂಟೀನು ಹೋಯಿತು. ಹೈವೇ ಖಾಲಿ, ಹೋಟೆಲು ಹೋಯಿತು. ಛತ್ರಗಳಿಗೆ ಬೀಗ, ಮದುವೆ ಊಟ ಹೋಯಿತು. ಊಟವೇ ಇಲ್ಲದ ಮೇಲೆ ಉಪ್ಪಿನಕಾಯಿ ಯಾರಿಗೆ ಬೇಕು? ಕೊಟ್ಟ ಮಾಲಿನ ಹಣ ಅಲ್ಲಲ್ಲೇ ನಿಂತಿತು. ಅತ್ತ ನೋಡಿದರೆ ಮಾವಿನ ಮರದ ತುಂಬಾ ಕಾಯಿ.

ಇದು ನೆನಪಿಟ್ಟುಕೊಳ್ಳಿ. ಉಪ್ಪಿನಕಾಯಿಯ ಮಾವು ವರ್ಷಕ್ಕೆ ಒಂದೇ ಸಲ. ಕಾಯಿ ಬಲಿತು, ಹಣ್ಣಾಗುವ ಮುಂಚಿನ ಆ ಒಂದಿಷ್ಟು ದಿನ. ಆಗ ಕಾಯಿ ಕೊಂಡು, ಎಣ್ಣೆ ಕಾರ ತಂದು ಹಾಕಿಡದಿದ್ದರೆ ಇಡೀ ವರ್ಷ ಖಾಲಿ ಜಾಡಿ. ಹುಟ್ಟಿ ವರ್ಷ ತುಂಬದ ಕಂಪನಿ ಒಂದು ವರ್ಷ ಖಾಲಿ ಕೂತರೆ ಮುಚ್ಚಿತು ಅಂತಲೇ ಅರ್ಥ. "ಡೈರೆಕ್ಟರ್ ಆಟ ಆಯ್ತಲ್ಲ, ಇನ್ನ ಹೊಲಕ್ಕೆ ನಡೀರಿ" ಎಂದು ಗಂಡಸರು ಶುರುಮಾಡಿದ್ದರು.

ಆ ಹೊತ್ತಿಗೆ ಸರ್ಕಾರ ನೆರವು ಘೋಷಿಸಿತು. ಬೈಯುವುದಕ್ಕೆ ಮುಂಚೆ ನ್ಯಾಯ ಹೇಳಿಬಿಡುತ್ತೇನೆ. ರೇಷನ್ ಅಕ್ಕಿ ಬಂತು, ಅದರಿಂದ ಎಷ್ಟೋ ಮನೆಗಳ ಒಲೆ ಉರಿಯಿತು. ಕೂಲಿಯವರಿಗೆ, ಆಟೋದವರಿಗೆ, ಕಟಿಂಗ್ ಶಾಪಿನವರಿಗೆ, ಬಟ್ಟೆ ಒಗೆಯುವವರಿಗೆ ಅಂತ ಒಂದೊಂದು ಸಹಾಯ ಬಂತು. ಬರಲೇಬೇಕಿತ್ತು. ಸಣ್ಣ ಉದ್ದಿಮೆಗಳಿಗೆ ಅಡಮಾನ ಇಲ್ಲದ ಸಾಲ ಎಂದೂ ಟೀವಿಯಲ್ಲಿ ಬಂತು. ಅಕ್ಕನ ಮುಖ ಅರಳಿತು. ನಾವೂ ಉದ್ದಿಮೆ ತಾನೇ?

ಮಾಸ್ಕ್ ಕಟ್ಟಿಕೊಂಡು ಬ್ಯಾಂಕಿಗೆ ಹೋದಳು. ಮ್ಯಾನೇಜರ್ ಸೌಮ್ಯವಾಗಿಯೇ ಹೇಳಿದರಂತೆ. "ಅಮ್ಮಾ, ಇದು ಈಗಾಗಲೇ ಲೋನ್ ಇರೋರಿಗೆ. ಹಳೇ ಸಾಲದ ಮೇಲೆ ಇನ್ನೊಂದಿಷ್ಟು ಕೊಡ್ತೀವಿ. ನಿಮಗೆ ಹಳೇ ಸಾಲ ಎಷ್ಟಿದೆ?"

"ಒಂದು ಪೈಸೆ ಇಲ್ಲ ಸಾರ್" ಎಂದು ಅಕ್ಕ ಎದೆಯುಬ್ಬಿಸಿ ಹೇಳಿದಳು.

ಅಲ್ಲಿಗೆ ಮುಗಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟರು. ಕಾಲು ಹೊರಗೆ ಚಾಚಿದವರಿಗೇ ಹೊಸ ಹಾಸಿಗೆ ಕೊಡುತ್ತಾರೆ ಎಂದು ಯಾರಾದರೂ ಹೇಳಿದ್ದರಾ?

ಸಂಬಳ ಪಡೆಯುವವರಿಗೆ ಅಂತ ಏನಾದರೂ ನೆರವು ಇದೆಯಾ ಎಂದು ನಾನು ಆಡಿಟರನ್ನು ಕೇಳಿದೆ. "ಸಂಬಳ ಅಂತ ತೋರಿಸಿದ್ರೆ ತಾನೇ ಮೇಡಂ? ಸೊನ್ನೆ ಇದೆಯಲ್ಲ" ಅಂದರು. ನೋಡಿ, ಮುಯ್ಯಾಳಿನ ಸೊನ್ನೆ!

ಕೊನೆಗೆ ಉಳಿದದ್ದು ಕೂಲಿಯವರಿಗೆ ಬಂದ ಸಹಾಯ. ನಮ್ಮ ಯಜಮಾನರೇ ಫೋನಿನಲ್ಲಿ ಉಪಾಯ ಹೇಳಿದರು. "ಅತ್ತಿಗೆ, ಐದೂ ಜನ ಕೂಲಿ ಅಂತ ಬರೆಸಿಬಿಡಿ. ಹೊಲದಲ್ಲಿ ದುಡಿಯೋದು ಸುಳ್ಳಾ? ಡೈರೆಕ್ಟರ್ ಗಿರೆಕ್ಟರ್ ಅಂತ ಬಾಯಿ ಬಿಡ್ಬೇಡಿ."

ಬುದ್ಧಿವಂತರ ಮಾತು. ಐದೂ ಜನ ಹೋದರು. ಯಾವ ಕಚೇರಿ ಅಂತ ಕೇಳಬೇಡಿ, ಅಲ್ಲಿದ್ದ ಗುಮಾಸ್ತ ಕೆಟ್ಟವನಲ್ಲ. ಹೊರಗೆ ಹುಣಸೆಮರದ ಕೆಳಗೆ ದೂರ ದೂರ ಕೂತು, ಸರದಿ ಬಂದಾಗ ಕಿಟಕಿಯ ಹತ್ತಿರ ಹೋದರು.

"ಹೆಸರು?"

"ಅಲಿವೇಲಮ್ಮ."

"ಕೆಲಸ?"

"ಡೈರೆಕ್ಟರ್."

ಬಾಯಿಗೆ ಬಂದುಬಿಟ್ಟಿತು! ಅಷ್ಟು ತಿಂಗಳಿಂದ ಆ ಒಂದು ಪದವನ್ನು ಹೇಳಲು ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದವಳು. ಮನೆಯಲ್ಲಿ ಕೇಳುವವರಿಲ್ಲ, ಊರಿನಲ್ಲಿ ನಗುವವರೇ. ಮೊದಲ ಸಲ ಪೆನ್ನು ಹಿಡಿದ ಮನುಷ್ಯನೊಬ್ಬ "ಕೆಲಸ?" ಅಂತ ಕೇಳಿದ್ದಾನೆ. ಕೂಲಿ ಅನ್ನುವುದು ಹೇಗೆ?

ಗುಮಾಸ್ತ ತಲೆಯೆತ್ತಿ ಅವಳ ಹವಾಯಿ ಚಪ್ಪಲಿ ನೋಡಿದ. "ಡೈರೆಕ್ಟರ್‌ಗೆಲ್ಲ ಸ್ಕೀಮ್ ಇಲ್ಲಮ್ಮ. ಕೂಲಿ ಅಂತ ಹಾಕ್ಲಾ?"

"ಕೂಲೀನೂ ಮಾಡ್ತೀವಿ ಸಾರ್."

"ಎರಡೂ ಆಗಲ್ಲ. ನೀವು ಬಾಯಿಬಿಟ್ಟು ಹೇಳಿದ ಮೇಲೆ ನಾನು ಹೆಂಗ್ ಬರೀಲಿ? ನಾಳೆ ಚೆಕ್ ಮಾಡಿದ್ರೆ ನನ್ನ ಕುತ್ತಿಗೆಗೆ ಬರುತ್ತೆ. ಕಂಪನಿಗೆ ರಾಜೀನಾಮೆ ಕೊಟ್ಟು ಬನ್ನಿ, ಬರ್ಕೊಳ್ತೀನಿ."

"ಅಲ್ಲ ಸಾರ್, ಡೈರೆಕ್ಟರ್ ಆದೋರಿಗೆ ಹೊಟ್ಟೆ ಹಸಿಯಲ್ವಾ?"

ಗುಮಾಸ್ತ ನಿಟ್ಟುಸಿರು ಬಿಟ್ಟ. "ಹಸಿಯುತ್ತಮ್ಮ. ಆದ್ರೆ ಅದಕ್ಕೆ ಕಾಲಮ್ ಇಲ್ಲ."

ಆ ಮಾತನ್ನು ನಾನು ಎಷ್ಟೋ ದಿನ ಮನಸ್ಸಿನಲ್ಲಿ ಮೆಲುಕು ಹಾಕಿದ್ದೇನೆ. ನಮ್ಮ ಸರ್ಕಾರದ ಕಣ್ಣಿಗೆ ಜನ ಎರಡೇ ಥರ ಅನ್ನಿಸುತ್ತದೆ. ಕೈ ಚಾಚುವವರು, ಟ್ಯಾಕ್ಸ್ ಕಟ್ಟುವವರು. ಡೈರೆಕ್ಟರ್ ಅಂದಕೂಡಲೇ ಎಸಿ ರೂಮು, ತಿರುಗುವ ಕುರ್ಚಿ. ಎರಡು ಮೆಷಿನ್ ಇಟ್ಟುಕೊಂಡವನೂ ಡೈರೆಕ್ಟರೇ, ಬೆಳಗ್ಗೆ ಶಟರ್ ಎತ್ತಿ ತಾನೇ ಕಸ ಗುಡಿಸುವವನೂ ಡೈರೆಕ್ಟರೇ ಅಂತ ಯಾರಾದರೂ ಹೇಳಬೇಕಿತ್ತು. ಮಾಲೂರಿನಲ್ಲಿ ನಮ್ಮ ದೂರದ ನೆಂಟರೊಬ್ಬರು ಇದ್ದರು. ತಮ್ಮನ ಜೊತೆ ಸೇರಿ ಸಣ್ಣ ವರ್ಕ್‌ಶಾಪ್ ಕಂಪನಿ ಮಾಡಿ ಅಣ್ಣ ತಮ್ಮ ಇಬ್ಬರೇ ಡೈರೆಕ್ಟರುಗಳಾಗಿದ್ದರು. ಕೆಲಸದವರನ್ನು ಬರಿಗೈಲಿ ಕಳಿಸಬಾರದು ಅಂತ ಮನೆಯ ಒಡವೆ ಇಟ್ಟು ಅವರಿಗೆ ಸಂಬಳ ಕೊಟ್ಟರು. ತಮಗೆ ಕೊಡುವವರು ಯಾರೂ ಇರಲಿಲ್ಲ. ಈಗ ಅವರೇ ಇನ್ನೊಬ್ಬರ ಹತ್ತಿರ ಸಂಬಳಕ್ಕಿದ್ದಾರೆ. ಎಲ್ಲರಿಗೂ ಮುಯ್ಯಿ ಮಾಡಿ ಕೈಹಿಡಿಯುವ ಒಂದು ಗೌನಿಪಲ್ಲಿ ಇರುವುದಿಲ್ಲ. ಅದಕ್ಕೇ ಸರ್ಕಾರ ಬೇಕಾಗುವುದು.

ಇರಲಿ, ಹುಣಸೆಮರದ ಕೆಳಕ್ಕೆ ಬರೋಣ.

ಐವರಲ್ಲಿ ನಾಲ್ವರದು ಹೇಗೋ ನಡೆಯುವ ಮನೆ. ರಾಗಿ ಇದೆ, ಹಾಲಿದೆ. ಗೌರಮ್ಮನದು ಹಾಗಲ್ಲ. ಅಂಗೈಯಗಲ ಜಮೀನು. ಗಂಡ ಮಾಲೂರಿನ ಕ್ಯಾಂಟೀನಿನಲ್ಲಿ ಅಡುಗೆಗಿದ್ದವನು, ಕೆಲಸ ಹೋಗಿ ಮನೆಯಲ್ಲಿ ಕೂತಿದ್ದ. ಅವಳಿಗೆ ಆ ಸಹಾಯ ನಿಜಕ್ಕೂ ಬೇಕಿತ್ತು.

"ಗೌರೀ, ನೀನು ಬಿಟ್ಬಿಡು" ಎಂದಳು ಅಕ್ಕ. "ಕೂಲಿ ಅಂತಾನೇ ಬರೆಸು. ನಾವ್ಯಾರೂ ಏನೂ ಅಂದ್ಕೊಳ್ಳಲ್ಲ."

"ನಾನು ಬಿಟ್ರೆ ಕಂಪನಿ?"

ಐದಕ್ಕೆ ಒಂದು ಕಡಿಮೆಯಾದರೆ ಕಂಪನಿಗೆ ತೊಂದರೆ ಅಂತ ಎಲ್ಲರಿಗೂ ಗೊತ್ತು. ಬೇರೆಯವರನ್ನು ಹುಡುಕಿ ಸೇರಿಸೋಣ ಅಂದರೆ, ಮುಳುಗುವ ದೋಣಿಗೆ ಹತ್ತುವವರು ಯಾರು?

ಗೌರಮ್ಮ ಎದ್ದು ಕಿಟಕಿಯ ತನಕ ಹೋದಳು. ಗುಮಾಸ್ತ ಪೆನ್ನು ತೆಗೆದ. ಅವಳು ಆ ಪೆನ್ನನ್ನು ನೋಡಿ, ತಿರುಗಿ ಮರದ ಕೆಳಗೇ ಬಂದು ಕೂತಳು.

"ಯಾಕೆ?"

"ಕೂಲಿಯವಳು ಅಂತ ಹುಟ್ಟಿದಾಗ್ನಿಂದ ಕರೆಸ್ಕೊಂಡಿದೀನಿ ಅಕ್ಕಾ. ಡೈರೆಕ್ಟರ್ ಅಂತ ಕರೆಸ್ಕೊಂಡು ಇನ್ನೂ ವರ್ಷ ಆಗಿಲ್ಲ. ಆಸೆ ತೀರ್ಲಿ ತಡೀರಿ."

ಅಕ್ಕ ಇದನ್ನು ಫೋನಿನಲ್ಲಿ ಹೇಳಿದಾಗ ನನಗೆ ಸಿಟ್ಟು ಬಂತು. ಅಳುವೂ ಬಂತು. ಹೊಟ್ಟೆಗಿಲ್ಲದಾಗ ಇದೆಂಥ ಜಂಬ ಎಂದು ನಮ್ಮ ಯಜಮಾನರು ತಲೆ ಚಚ್ಚಿಕೊಂಡರು. ನನಗೆ ಮಾತ್ರ ಒಳಗೊಳಗೇ ಹೆಮ್ಮೆ. ಜಂಬ ಅನ್ನುವುದು ಎಲ್ಲ ಇದ್ದವರಿಗೆ ಬರುತ್ತದೆ. ಗೌರಮ್ಮನ ಹತ್ತಿರ ಏನಿತ್ತು ಆ ಪದವೊಂದು ಬಿಟ್ಟರೆ?

ಆ ವಾರದಿಂದ ಉಳಿದ ನಾಲ್ಕು ಮನೆಯಿಂದಲೂ ಗೌರಮ್ಮನ ಮನೆಗೆ ರಾಗಿ ಹೋಯಿತು, ಹಾಲು ಹೋಯಿತು. ದಾನ ಅಂತ ಯಾರೂ ಅನ್ನಲಿಲ್ಲ, ಅಂದಿದ್ದರೆ ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮುಯ್ಯಿ ಅಂತ ಹೋಯಿತು. ಅವಳ ಗಂಡ ಆ ನಾಲ್ಕೂ ಮನೆಯ ಹೊಲದಲ್ಲಿ ದುಡಿದು ತೀರಿಸಿದ. (ನಡುನಡುವೆ ಎಲ್ಲರಿಗೂ ಕ್ಯಾಂಟೀನ್ ಸಾರು ಮಾಡಿ ಬಡಿಸಿದನಂತೆ. ಚೆನ್ನಾಗಿರಲಿಲ್ಲ ಅಂತ ಅಕ್ಕನ ವರದಿ.)

ಹೊಟ್ಟೆಯ ಮಾತಾಯಿತು. ಕಂಪನಿ?

ಕಾಯಿ ಕೊಳ್ಳಲು ಕೈಯಲ್ಲಿ ಹಣ ಇಲ್ಲ. ಆದರೆ ಮಾವಿನ ತೋಟದವರ ಪಾಡು ಏನು ಬೇರೆಯಾ? ಹೊರಗಿನ ವ್ಯಾಪಾರಿಗಳು ಬರಲಿಲ್ಲ. ಲಾರಿ ಓಡಲಿಲ್ಲ. ಮರದಲ್ಲಿ ಕಾಯಿ, ಕೊಳ್ಳುವವರಿಲ್ಲ. ಒಂದು ಸಂಜೆ ಅಕ್ಕ ತೋಟದ ಯಜಮಾನರ ಮನೆ ಜಗುಲಿಗೆ ಹೋಗಿ, ದೂರದಲ್ಲೇ ನಿಂತು ಹೇಳಿದಳು.

"ಅಣ್ಣಾ, ಕಾಯಿ ನಿಮ್ದು, ಕೈ ನಮ್ದು. ಮುಯ್ಯಿ."

"ಏಮ್ಮಾ, ಹಂಗಂದ್ರೆ?"

"ಕೊಳ್ಳೋರಿಲ್ದೆ ಉದುರೋ ಕಾಯಿ ನಮ್ಗೆ ಕೊಡಿ. ನಾವು ಹಾಕಿಡ್ತೀವಿ. ಕಾಲ ಸರಿಹೋದ್ಮೇಲೆ ಜಾಡಿ ತೆಗೀತೀವಿ. ಆವತ್ತು ನಿಮ್ ಪಾಲು ನಿಮ್ಗೆ."

ತೋಟದವರು ಯೋಚಿಸಿದರು. ಬ್ಯಾಂಕಿನವರು ಕೇಳಿದ ಯಾವ ಕಾಗದವನ್ನೂ ಅವರು ಕೇಳಲಿಲ್ಲ. ಅಕ್ಕನ ಮನೆಯಿಂದ ತಮ್ಮ ಮನೆಯ ಮದುವೆಗೆ ಬಂದ ಮುಯ್ಯಿ ನೆನಪಿತ್ತು, ಅಷ್ಟೇ ಸಾಕಾಯಿತು. "ಸರೇ ಹೋಗಮ್ಮ, ಕೊಯ್ಸ್ಕೋ" ಅಂದರು. ಇನ್ನೊಂದು ತೋಟದವರೂ ಒಪ್ಪಿದರು. ಮೆಣಸಿನಕಾಯಿ ಒಬ್ಬರ ಮನೆಯದು, ಸಾಸಿವೆ ಇನ್ನೊಬ್ಬರದು. ಶೆಟ್ಟರ ಅಂಗಡಿಯಿಂದ ಕಡ್ಲೆಕಾಯಿ ಎಣ್ಣೆ ಬಂತು, ಅದೂ ಮುಯ್ಯಿ. ವ್ಯಾಪಾರಸ್ಥರು ಮುಯ್ಯಿಗೆ ಒಪ್ಪಿದ್ದು ಗೌನಿಪಲ್ಲಿ ಸೀಮೆಯಲ್ಲಿ ಅದೇ ಮೊದಲಿರಬೇಕು.

ಕಾಯಿ ಕೀಳಲು ಆಳಿಲ್ಲ. ಆಗ ಮರ ಹತ್ತಿದವರು ಯಾರು ಗೊತ್ತಾ? ನಮ್ಮ ಭಾವ. ಎಮ್ಮೆ ಹಗ್ಗ ಅಂತ ಗೇಲಿ ಮಾಡಿದ ಅದೇ ಭಾವ. ಕೆಳಗಿನಿಂದ ಅಕ್ಕ "ಆ ಕೊಂಬೆ ಅಲ್ಲ, ಈ ಕೊಂಬೆ. ಮೆತ್ತಗೆ ಇಳ್ಸಿ, ಪೆಟ್ಟು ಬೀಳ್ಬಾರ್ದು" ಎಂದು ಕೂಗುತ್ತಿದ್ದರೆ, ಮೇಲಿನಿಂದ ಭಾವ "ಆಯ್ತು ಡೈರೆಕ್ಟರೇ" ಅಂದರಂತೆ. ತಮಾಷೆಗೆ ಅಂದರೋ, ನಿಜವಾಗಿ ಅಂದರೋ? ಅಕ್ಕನಿಗೂ ಗೊತ್ತಾಗಲಿಲ್ಲವಂತೆ. ಆದರೆ ಆ ದಿನದಿಂದ ಮನೆಯಲ್ಲಿ ಯಾರೂ ಆ ಪದಕ್ಕೆ ನಗಲಿಲ್ಲ.

ಜಾಡಿಗಳು ತುಂಬಿದವು. ತಗಡಿನ ಶೆಡ್ಡಿನಲ್ಲಿ ಜಾಗ ಸಾಲದೆ ಐದೂ ಮನೆಯ ದೇವರ ಕೋಣೆಯಲ್ಲಿ, ಮಂಚದ ಕೆಳಗೆ, ಹುಳು ಸಾಕುವ ಮನೆಯ ಮೂಲೆಯಲ್ಲಿ ಕೂತವು. ಕಾಲ ಸರಿಹೋಗಲು ಬಹಳ ದಿನ ಹಿಡಿಯಿತು. ಇನ್ನೇನು ಅಂದುಕೊಂಡಾಗ ಎರಡನೇ ಅಲೆ ಬಂತು. ಅದರ ಬಗ್ಗೆ ನಾನು ಬರೆಯುವುದಿಲ್ಲ, ಪ್ರತಿ ಮನೆಗೂ ಅದರ ಗಾಯ ಇದೆ. ಆದರೆ ಉಪ್ಪಿನಕಾಯಿಗೆ ಒಂದು ಒಳ್ಳೆಯ ಗುಣ, ಕಾಯುವುದು ಗೊತ್ತು. ಛತ್ರಗಳ ಬೀಗ ತೆಗೆದು ಮದುವೆ ಊಟ ಮತ್ತೆ ಶುರುವಾದಾಗ, ಆವನಿ ಕಡೆಯ ಅಡುಗೆಯವರೇ ಮೊದಲು ಫೋನ್ ಮಾಡಿದ್ದು. "ಅಮ್ಮಾ, ಕಂಪನಿ ಐತಾ?"

"ಐತೆ" ಎಂದಳು ಅಕ್ಕ.

ಮುಯ್ಯಿ ಎಲ್ಲ ತೀರಿತು. ತೋಟದವರಿಗೆ, ಶೆಟ್ಟರಿಗೆ, ಎಲ್ಲರಿಗೂ. ಕಂಪನಿ ಈಗಲೂ ಇದೆ. ಡೈರೆಕ್ಟರುಗಳು ಈಗಲೂ ಐದೇ. ಸಂಬಳದ ಕಾಲಮ್ಮಿನಲ್ಲಿ ಆಡಿಟರ್ ಈಗಲೂ ಸೊನ್ನೆ ಬರೆದು ನಿಟ್ಟುಸಿರು ಬಿಡುತ್ತಾರೆ.

ಈಗ ಕೋಲಾರದ ಸಮಾವೇಶಕ್ಕೆ ಬನ್ನಿ. ಅಕ್ಕ ಮೈಕು ಹಿಡಿದುಕೊಂಡು ನಿಂತೇ ಇದ್ದಾಳೆ, ಪಾಪ.

ಸಾಹೇಬರು ನಗುಮುಖ ಮಾಡಿ "ಹೇಳಿ ಅಮ್ಮಾ, ಹೆದರಬೇಡಿ" ಎಂದರು. ಹೆದರುವುದು!

ಅಕ್ಕ ಬಾಯಿ ತೆರೆದಳು. "ಕೊರೊನಾ ಟೈಮಲ್ಲಿ ಸರ್ಕಾರದಿಂದ ನಮ್ ಕಂಪನಿಗೆ ಏನೂ ಬರ್ಲಿಲ್ಲ ಸಾರ್."

ಕಿವಿಯಲ್ಲಿ ಹೇಳಿ ಹೋಗಿದ್ದ ಮೇಡಂ ಹಣೆ ಹಿಡಿದುಕೊಂಡರು. ಶೆಡ್ ಹೋಯಿತು ಅಂದುಕೊಂಡೆ. ಗೌರಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಯಾಕೆ ಬರ್ಲಿಲ್ಲ ಅಂದ್ರೆ, ನಾವು ಡೈರೆಕ್ಟರು ಅಂತ ಸರ್ಕಾರ ನಂಬ್ತು. ಅಲ್ಲೀವರ್ಗೂ ನಮ್ ಗಂಡಂದಿರೂ ನಂಬಿರ್ಲಿಲ್ಲ. ಅದಕ್ಕಿಂತ ದೊಡ್ಡ ಸಹಾಯ ಯಾರು ಮಾಡ್ತಾರೆ ಸಾರ್?"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಇಡೀ ಹಾಲ್. ಬೆಳಗಿನ ಬಸ್ಸಿನಲ್ಲಿ ಬಂದ ಹೆಂಗಸರಿಗೆಲ್ಲ ಮನೆಯಲ್ಲೊಬ್ಬ ಗಂಡ ಇದ್ದಾನಲ್ಲ! ಚಪ್ಪಾಳೆ ನಿಲ್ಲಲೇ ಇಲ್ಲ. ಸಾಹೇಬರೂ ನಕ್ಕರು. ನಗದೆ ಬೇರೆ ದಾರಿ ಇರಲಿಲ್ಲ.

ಅಕ್ಕ ಮುಗಿಸಿರಲಿಲ್ಲ. ಮೈಕು ಇನ್ನಷ್ಟು ಹತ್ತಿರ ಹಿಡಿದಳು.

"ಅಲ್ಲಿ ಕೂತವ್ಳಲ್ಲ, ಗೌರಮ್ಮ. ಎದ್ದೇಳೇ. ಅವಳು ಕೂಲಿ ಅಂತ ಬರೆಸಿದ್ರೆ ಸಹಾಯ ಸಿಗ್ತಿತ್ತು. ಬರೆಸ್ಲಿಲ್ಲ. ಅದಕ್ಕೇ ಇವತ್ತು ಕಂಪನಿ ಐತೆ." ಗೌರಮ್ಮ ಎದ್ದು ನಿಂತಳು. ಕೈಮುಗಿಯಬೇಕೋ ಬೇಡವೋ ಗೊತ್ತಾಗದೆ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು. ನನಗಂತೂ ಕಣ್ಣು ಮಂಜಾಗಿತ್ತು. ಇವರು ನಮ್ಮವರು ಎಂದು ಆ ಹಾಲಿನಲ್ಲಿ ಎದ್ದು ನಿಂತು ಕೂಗಬೇಕು ಅನ್ನಿಸಿತು.

"ಶೆಡ್ಡು ಕೊಟ್ರೆ ಕೊಡಿ, ಬಿಟ್ರೆ ಬಿಡಿ ಸಾರ್. ಆದ್ರೆ ದೇವ್ರು ತರ್ದೇ ಇರ್ಲಿ, ಇನ್ನೊಂದು ಅಂಥ ಕಾಲ ಬಂದ್ರೆ, ನಮ್ಮಂಥ ಡೈರೆಕ್ಟರುಗಳಿಗೂ ಒಂದು ಕಾಲಮ್ ಮಾಡಿಸಿ. ನಮ್ಗೂ ಹೊಟ್ಟೆ ಐತೆ. ಇವತ್ತು ಊಟಕ್ಕೆ ಬಡಿಸೋದು ನಮ್ ಕಂಪನಿ ಉಪ್ಪಿನಕಾಯಿ. ಬಿಲ್ ಹಾಕಿಲ್ಲ. ಅದು ಮುಯ್ಯಿ."

ನಮಸ್ಕಾರ ಮಾಡಿ ಇಳಿದು ಬಂದಳು.

ಸಾಹೇಬರು ಬೇರೆ ಜಿಲ್ಲೆಯವರು. ಮುಯ್ಯಿ ಎಂದರೇನು ಅಂತ ಪಕ್ಕದ ಸಣ್ಣ ಸಾಹೇಬರನ್ನು ಕೇಳಿದರು. ಅವರು ನಮ್ಮ ಸುಗಟೂರು ಕಡೆಯವರು, ಕಿವಿಯಲ್ಲಿ ಬಿಡಿಸಿ ಹೇಳಿದರು. ಸಾಹೇಬರ ನಗು ಅರ್ಧಕ್ಕೆ ನಿಂತಿತು.

"ನಿಜಾನೂ ಹೇಳ್ದೆ, ಒಳ್ಳೇದೂ ಹೇಳ್ದೆ" ಎಂದಳು ಅಕ್ಕ ನನ್ನ ಪಕ್ಕ ಕೂತು. "ತಪ್ಪಾಯ್ತೇನೇ?"

ಶೆಡ್ಡಿನ ಗತಿ ಏನಾಗುತ್ತದೋ ಗೊತ್ತಿಲ್ಲ. ಫೈಲು ಇನ್ನೂ ಟೇಬಲ್ ಮೇಲೇ ಇದೆಯಂತೆ. ಆದರೆ ಊಟದ ಹೊತ್ತಿಗೆ ನಾನು ಸಾಹೇಬರ ಎದುರು ಸಾಲಿನಲ್ಲೇ ಕೂತಿದ್ದೆ. ಅವರು ಮೊದಲು ಎಲೆಯ ತುದಿಯಲ್ಲಿದ್ದ ಉಪ್ಪಿನಕಾಯಿಯನ್ನು ಅನುಮಾನದಿಂದ ನೋಡಿದರು. ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗಿಟ್ಟರು. ಆಮೇಲೆ ಅನ್ನಕ್ಕೆ ಕಲಸಿದರು. ಆಮೇಲೆ ಬಡಿಸುವವನನ್ನು ಕೈಸನ್ನೆ ಮಾಡಿ ಕರೆದು, ಎರಡನೇ ಸಲ ಹಾಕಿಸಿಕೊಂಡರು.

ಸಾಹೇಬರೇ, ಎರಡು ಸಲದ ಮುಯ್ಯಿ ಯಾವಾಗ ತೀರಿಸುತ್ತೀರಿ?